ಕನಾರ್ಟಕ ಸಕಾರ್ರ: ಹಳೆಯ ಬೆರಳುಗಳು ಹೊಸ ಕೀಲಿಮಣೆ ಕಲಿತ ಒಂದು ಪ್ರಕರಣ

ಇದು ಒಬ್ಬ ಸರ್ಕಾರಿ ಬೆರಳಚ್ಚುಗಾರ್ತಿಯ ಪ್ರಕರಣ. ಹೆಸರು, ಊರು, ಇಲಾಖೆ ಇಲ್ಲಿ ಹೇಳುವುದಿಲ್ಲ. ಗುರುತು ಹತ್ತಬಹುದಾದ ಒಂದೆರಡು ವಿವರಗಳನ್ನು ಬದಲಿಸಿದ್ದೇನೆ. ಕಚೇರಿಯಲ್ಲಿ ಎಲ್ಲರೂ ಅವರನ್ನು ‘ಮೇಡಂ’ ಅಂತಲೇ ಕರೆಯುತ್ತಿದ್ದರು, ಇಲ್ಲೂ ಹಾಗೇ ಕರೆಯುತ್ತೇನೆ. ಕಂಪ್ಯೂಟರ್‌ನಲ್ಲಿ ಕನ್ನಡ ಟೈಪಿಂಗ್ ಹೇಳಿಕೊಡುವುದು ನನ್ನ ಕೆಲಸ. ಹಾಗಾಗಿ ಅವರ ಪರಿಚಯವಾಯಿತು.

ಐವತ್ತು ದಾಟಿದವರು ಹೊಸದೊಂದನ್ನು ಕಲಿಯಲು ಒದ್ದಾಡಿದರೆ ಸುತ್ತಲಿನವರು ಬೇಗ ತೀರ್ಪು ಕೊಟ್ಟುಬಿಡುತ್ತಾರೆ. ‘ವಯಸ್ಸಾಯ್ತು, ಇನ್ನು ತಲೆಗೆ ಹತ್ತಲ್ಲ ಬಿಡಿ’ ಅಂತ. ಈ ಮೇಡಂ ಬಗ್ಗೆಯೂ ಅದೇ ಮಾತು ಬಂತು. ಅದು ತಪ್ಪು ತೀರ್ಪು. ಯಾಕೆ ತಪ್ಪು ಅನ್ನುವುದು ಟೈಪಿಂಗ್‌ಗೆ ಮಾತ್ರ ಸೇರಿದ ವಿಷಯವಲ್ಲ, ಅದಕ್ಕೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಹಿನ್ನೆಲೆ

ಮೇಡಂ ಪಿಯುಸಿ ಮುಗಿಸಿದ ವರ್ಷವೇ ಟೈಪಿಂಗ್ ಇನ್‌ಸ್ಟಿಟ್ಯೂಟ್ ಸೇರಿದವರು. ಕನ್ನಡ ಜೂನಿಯರ್, ಸೀನಿಯರ್ ಎರಡೂ ಪಾಸು. ನೌಕರಿ ಸಿಕ್ಕ ಮೇಲೆ ದಶಕಗಳ ಕಾಲ ದಿನವಿಡೀ ಕೆಲಸ ಒಂದೇ: ಅಧಿಕಾರಿಗಳ ಕರಡು ನೋಡಿಕೊಂಡು ಟೈಪ್‌ರೈಟರ್‌ನಲ್ಲಿ ಸುತ್ತೋಲೆ, ಜ್ಞಾಪನ, ನಡವಳಿ ಹೊಡೆಯುವುದು. ಕಣ್ಣು ಕರಡಿನ ಮೇಲೆ, ಬೆರಳು ಕೀಲಿಯ ಮೇಲೆ. ಪಕ್ಕದವರ ಜೊತೆ ಮಾತಾಡುತ್ತಲೇ ಪುಟ ಮುಗಿಸುತ್ತಿದ್ದರಂತೆ, ಅದೂ ಒಂದು ಚಿತ್ತಿಲ್ಲದೆ.

ಆಮೇಲೆ ಕಚೇರಿಗೆ ಕಂಪ್ಯೂಟರ್ ಬಂತು, ಅದರಲ್ಲಿ ಕನ್ನಡ ಟೈಪ್ ಮಾಡುವ ‘ನುಡಿ’ ತಂತ್ರಾಂಶ ಬಂತು. ಇಲ್ಲಿ ಎರಡು ಯಂತ್ರಗಳ ವ್ಯತ್ಯಾಸ ಸ್ವಲ್ಪ ಹೇಳಲೇಬೇಕು, ಇಡೀ ಪ್ರಕರಣ ನಿಂತಿರುವುದೇ ಅದರ ಮೇಲೆ.

ಕನ್ನಡ ಟೈಪ್‌ರೈಟರ್ ಅಕ್ಷರದ ಆಕಾರದ ಹಿಂದೆ ಹೋಗುತ್ತದೆ. ಕಾಗದದ ಮೇಲೆ ಯಾವುದು ಮೊದಲು ಕಾಣಬೇಕೋ ಅದನ್ನು ಮೊದಲು ಹೊಡೆಯಬೇಕು. ‘ಕರ್ನಾಟಕ’ ಅಂತ ಬರೆಯುವಾಗ ಅರ್ಕಾವತ್ತು ‘ನಾ’ ಆದ ಮೇಲೆ ಬಲಗಡೆ ಕೂರುತ್ತದೆ ಅಲ್ವಾ? ಟೈಪ್‌ರೈಟರ್‌ನಲ್ಲೂ ಅದೇ ಕ್ರಮ. ಕ, ನಾ, ಆಮೇಲೆ ಅರ್ಕಾವತ್ತು.

ನುಡಿಯ ಕೀಲಿಮಣೆ ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ್ದು. ಅದು ಉಚ್ಚಾರಣೆಯ ಹಿಂದೆ ಹೋಗುತ್ತದೆ. ಇಂಗ್ಲಿಷ್‌ನ 26 ಅಕ್ಷರದ ಕೀಲಿಗಳಲ್ಲೇ ಇಡೀ ಕನ್ನಡ ಅಡಗಿದೆ. ಬಾಯಲ್ಲಿ ಯಾವುದು ಮೊದಲು ಬರುತ್ತದೋ ಅದು ಮೊದಲು. ಹೇಳುವಾಗ ‘ರ್’ ಮುಂಚೆ, ‘ನಾ’ ಆಮೇಲೆ. ಹಾಗಾಗಿ ಕೆ ಕೀಲಿ ಒತ್ತಿ ‘ಕ’, ಆರ್ ಒತ್ತಿ ‘ರ’, ಅದನ್ನು ಮುಂದಿನ ಅಕ್ಷರಕ್ಕೆ ಸೇರಿಸಲು ಎಫ್, ಆಮೇಲೆ ಎನ್ ಮತ್ತು ದೀರ್ಘ. ಅರ್ಕಾವತ್ತು ತಾನಾಗಿ ಸರಿಯಾದ ಜಾಗಕ್ಕೆ ಹೋಗಿ ಕೂರುತ್ತದೆ. ಹೊಸದಾಗಿ ಕಲಿಯುವ ಹುಡುಗರಿಗೆ ಇದು ತುಂಬಾ ಸಲೀಸು. ಒಂದು ವಾರದಲ್ಲಿ ಕೈ ಕೂರುತ್ತದೆ.

ಸಮಸ್ಯೆ

ಕಚೇರಿಯಿಂದ ಮೂರು ದಿನದ ತರಬೇತಿ ಏರ್ಪಾಡಾಯಿತು. ಬೆಳಗ್ಗೆ ಹತ್ತರಿಂದ ಸಂಜೆ ಐದರವರೆಗೆ. ಮೂರನೇ ದಿನ ಸಂಜೆ ಮೇಡಂ ಒಂದು ಪುಟ ಪೂರ್ತಿ ಹೊಡೆದು ತೋರಿಸಿದರು. ತರಬೇತಿ ಕೊಟ್ಟವರು ಖುಷಿಯಾಗಿ ಪ್ರಮಾಣಪತ್ರ ಕೊಟ್ಟು ಹೋದರು. ಸೋಮವಾರ ಬೆಳಗ್ಗೆ ಕುರ್ಚಿಯಲ್ಲಿ ಕೂತಾಗ ಅರ್ಧಕ್ಕರ್ಧ ಮಾಯ.

ಅಷ್ಟೇ ಆಗಿದ್ದರೆ ಸುಧಾರಿಸುತ್ತಿತ್ತೇನೋ. ಅವರು ಹೊಡೆದ ಪತ್ರದ ತಲೆಬರಹ ‘ಕನಾರ್ಟಕ ಸಕಾರ್ರ’ ಅಂತ ಬಂತು. ಕೆಳಗೆ ಸಹಿ ಜಾಗದಲ್ಲಿ ‘ಕಾಯರ್ದಶಿರ್’. ಮೇಲಧಿಕಾರಿ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ ವಾಪಸ್ ಕಳಿಸಿದರು. ಇಷ್ಟು ವರ್ಷ ಸರ್ವಿಸ್ ಆದವರಿಗೆ ‘ಕರ್ನಾಟಕ’ ಬರೆಯಲು ಬರಲ್ವಾ ಅನ್ನೋ ಮಾತು ಕಾರಿಡಾರ್‌ನಲ್ಲಿ ಓಡಾಡಿತು. ಇಡೀ ಕಚೇರಿಯ ಕಾಗುಣಿತ ತಿದ್ದುತ್ತಿದ್ದ ಹೆಂಗಸು ಅವರು. ಆ ಮಾತು ಎಷ್ಟು ನೋವು ಕೊಟ್ಟಿರಬೇಕು ಯೋಚಿಸಿ.

ಮೊದಲು ಮಾಡಿದ ಪ್ರಯತ್ನಗಳು

ಮೊದಲನೆಯದು, ಇನ್ನಷ್ಟು ಅಭ್ಯಾಸ. ಶನಿವಾರ, ಭಾನುವಾರ ಕೂತು ಗಂಟೆಗಟ್ಟಲೆ ಹೊಡೆದರು. ‘ಕರ್ನಾಟಕ’ ಪದವನ್ನೇ ಪುಟಗಟ್ಟಲೆ ಹೊಡೆದರು. ಪುಟದ ಕೊನೆಗೆ ಬರುವಷ್ಟರಲ್ಲಿ ತಪ್ಪೇ ಇರುತ್ತಿರಲಿಲ್ಲ. ಮಾರನೇ ದಿನ ಪತ್ರದ ನಡುವೆ ಆ ಪದ ಬಂದರೆ ಮತ್ತೆ ‘ಕನಾರ್ಟಕ’.

ಎರಡನೆಯದು, ಹಳೆಯದನ್ನು ಬಿಡಿಸುವುದು. ‘ಟೈಪ್‌ರೈಟರ್ ಮುಟ್ಟಲೇಬೇಡಿ, ಅದನ್ನು ಪೂರ್ತಿ ಮರೆತುಬಿಡಿ’ ಅಂತ ಯಾರೋ ಸಲಹೆ ಕೊಟ್ಟರು. ಯಂತ್ರಕ್ಕೆ ಬಟ್ಟೆ ಹೊದಿಸಿ ಮೂಲೆಗಿಟ್ಟರು. ಆದರೆ ಕೆಲವು ನಮೂನೆಗಳನ್ನು, ಲಕೋಟೆ ವಿಳಾಸಗಳನ್ನು ಅದರಲ್ಲೇ ಹೊಡೆಯಬೇಕಿತ್ತು. ವಾರಗಳ ನಂತರ ಬಟ್ಟೆ ತೆಗೆದು ಕೂತಾಗ ಬೆರಳಿಗೆ ಏನೂ ಮರೆತಿರಲಿಲ್ಲ. ಧೈರ್ಯ ಮಾತ್ರ ಹೋಗಿತ್ತು. ಪ್ರತಿ ಅಕ್ಷರಕ್ಕೂ ‘ಇದು ಯಾವ ಯಂತ್ರ’ ಅಂತ ತಡೆದು ತಡೆದು ಹೊಡೆಯುತ್ತಿದ್ದರು. ಈಗ ಎರಡರಲ್ಲೂ ನಿಧಾನ.

ಈ ಹಂತದಲ್ಲಿ ನನ್ನನ್ನು ಕರೆದರು.

ಬೆರಳು ಬಲ್ಲದ್ದು, ಬಾಯಿ ಅರಿಯದ್ದು

ಮೊದಲ ದಿನ ನಾನು ಕೇಳಿದ್ದು ಹಳೆಯ ಟೈಪ್‌ರೈಟರ್ ಬಗ್ಗೆ. ‘ಮೇಡಂ, ಅದರಲ್ಲಿ ಳ ಎಲ್ಲಿದೆ?’ ಅವರು ಯೋಚಿಸಿದರು, ಹೇಳಲು ಆಗಲಿಲ್ಲ. ಮೇಜಿನ ಮೇಲೆ ಎರಡೂ ಕೈ ಇಟ್ಟು ‘ಅವಳು’ ಅಂತ ಗಾಳಿಯಲ್ಲಿ ಹೊಡೆದು, ಯಾವ ಬೆರಳು ಆಡಿತು ಅಂತ ನೋಡಿಕೊಂಡು ಹೇಳಿದರು.

ಇದು ಅವರೊಬ್ಬರ ವಿಚಿತ್ರವಲ್ಲ. ಅಮೆರಿಕದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದವರು 2014ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ನಿಮಿಷಕ್ಕೆ ಸರಾಸರಿ 72 ಪದ ಹೊಡೆಯುವವರಿಗೆ ಖಾಲಿ ಕೀಲಿಮಣೆಯ ಚಿತ್ರ ಕೊಟ್ಟು ಅಕ್ಷರ ತುಂಬಿಸಿ ಅಂದರು. 26ರಲ್ಲಿ ಸರಾಸರಿ 15 ಅಕ್ಷರ ಮಾತ್ರ ಸರಿಯಾದ ಜಾಗದಲ್ಲಿ ಬಿದ್ದವು. ಬೆರಳಿಗೆ ಗೊತ್ತು, ಬಾಯಿಗೆ ಗೊತ್ತಿಲ್ಲ.

ಮಿದುಳಿನಲ್ಲಿ ಈ ಎರಡು ನೆನಪುಗಳಿಗೆ ಬೇರೆ ಬೇರೆ ನೆಲೆ. ಇದು ಖಚಿತವಾದದ್ದು ಎಚ್.ಎಂ. ಅನ್ನೋ ಎರಡಕ್ಷರದಲ್ಲೇ ದಶಕಗಳ ಕಾಲ ಜಗತ್ತಿಗೆ ಗೊತ್ತಿದ್ದ ರೋಗಿಯಿಂದ. 1953ರಲ್ಲಿ ಅಪಸ್ಮಾರಕ್ಕೆ ಮಾಡಿದ ಶಸ್ತ್ರಚಿಕಿತ್ಸೆಯಲ್ಲಿ ಅವರ ಮಿದುಳಿನ ಎರಡೂ ಕಡೆಯ ಹಿಪೊಕ್ಯಾಂಪಸ್‌ನ, ಅಂದರೆ ಹೊಸ ನೆನಪು ಕೂರಿಸುವ ಭಾಗದ, ದೊಡ್ಡ ಪಾಲು ಹೋಯಿತು. ಆಮೇಲೆ ಹೊಸ ಘಟನೆ ಯಾವುದೂ ನೆನಪಲ್ಲಿ ಉಳಿಯಲಿಲ್ಲ. ಆದರೆ ಮನೋವಿಜ್ಞಾನಿ ಬ್ರೆಂಡಾ ಮಿಲ್ನರ್ ಅವರು ಕನ್ನಡಿಯಲ್ಲಿ ನೋಡಿಕೊಂಡು ನಕ್ಷತ್ರದ ಗೆರೆಯ ಮೇಲೆ ಪೆನ್ಸಿಲ್ ಎಳೆಯುವುದನ್ನು ಮೂರು ದಿನ ಅಭ್ಯಾಸ ಮಾಡಿಸಿದಾಗ ಕೈ ದಿನದಿಂದ ದಿನಕ್ಕೆ ಪಳಗಿತು. ಹಿಂದಿನ ದಿನ ಇದನ್ನು ಮಾಡಿದ್ದೆ ಅನ್ನುವುದೇ ಅವರಿಗೆ ನೆನಪಿರಲಿಲ್ಲ. ಕೈಗೆಲಸದ ಕಲಿಕೆಗೆ ಮಿದುಳಿನ ಆಳದಲ್ಲಿರುವ ಬೇಸಲ್ ಗ್ಯಾಂಗ್ಲಿಯಾ, ಹಿಂಬದಿಯ ಕಿರುಮಿದುಳು, ಚಲನೆಯನ್ನು ನಡೆಸುವ ಹೊರಪದರ ಇವುಗಳ ಪಾಲು ದೊಡ್ಡದು.

ಮೇಡಂ ವಿಷಯದಲ್ಲಿ ಇದರ ಅರ್ಥ ಇಷ್ಟು: ಹೊಸ ಕ್ರಮ ಅವರ ತಲೆಗೆ ಗೊತ್ತಿತ್ತು. ಕೇಳಿದರೆ ‘ರ ಮೊದಲು, ಎಫ್ ಆಮೇಲೆ’ ಅಂತ ಪಟಪಟ ಹೇಳುತ್ತಿದ್ದರು. ಹೇಳಿಕೊಟ್ಟದ್ದು ಬಾಯಿಪಾಠದ ಕಡೆ ಉಳಿದಿತ್ತು, ಬೆರಳಿನ ಕಡೆ ಇಳಿದಿರಲಿಲ್ಲ. ಬೆರಳಿನ ಕಡೆ ಹಳೆಯದೇ ಗಟ್ಟಿಯಾಗಿ ಕೂತಿತ್ತು.

ತಿರುವು

ನಾನು ಎರಡನೇ ದಿನ ಪರದೆ ನೋಡಲಿಲ್ಲ, ಅವರ ಕೈ ನೋಡಿದೆ. ‘ವಿಷಯ’, ‘ಉಲ್ಲೇಖ’, ‘ಮಾನ್ಯರೇ’, ‘ದಿನಾಂಕ’ ಇವೆಲ್ಲ ನಿಧಾನವಾಗಿಯಾದರೂ ಸರಿಯಾಗಿ ಬಂದವು. ಒತ್ತಕ್ಷರವೂ ಸರಿ. ಅಂದರೆ ಹೊಸ ಕೀಲಿಗಳ ಜಾಗ ಬಹುತೇಕ ಬಂದಿತ್ತು. ‘ಕರ್ನಾಟಕ’ ಬಂದಾಗ ಮಾತ್ರ ಬೇರೆ. ಬಲಗೈ ನಡುಬೆರಳು ಕ ಒತ್ತಿದ ಕೂಡಲೇ ಪಕ್ಕದ ತೋರುಬೆರಳು ಎನ್ ಕಡೆಗೆ ಇಳಿದುಬಿಡುತ್ತಿತ್ತು. ಆರ್, ಎಫ್ ಎರಡನ್ನೂ ಒತ್ತಬೇಕಾದ ಎಡಗೈ ತೋರುಬೆರಳು ಸುಮ್ನೆ ಕಾಯುತ್ತಿತ್ತು, ‘ನಾ’ ಆದ ಮೇಲೆ ಎದ್ದು ಆರ್, ಎಫ್ ಒತ್ತುತ್ತಿತ್ತು. ಆ ‘ರ್’ ಮುಂದಿನ ‘ಟ’ಕ್ಕೆ ಹೋಗಿ ಅಂಟುತ್ತಿತ್ತು. ಅದೇ ‘ಕನಾರ್ಟಕ’.

ಬೇರೆ ಪತ್ರಗಳನ್ನು ತೆಗೆದು ನೋಡಿದೆವು. ಅರ್ಜಿ ‘ಅಜಿರ್’ ಆಗಿತ್ತು, ವರ್ಷ ‘ವಷರ್’ ಆಗಿತ್ತು. ಕೆಂಪು ಶಾಯಿಯ ಸುತ್ತುಗಳಲ್ಲಿ ಹೆಚ್ಚಿನವು ಅರ್ಕಾವತ್ತಿನ ಮೇಲೇ ಇದ್ದವು. ಸರ್ಕಾರಿ ಪತ್ರದಲ್ಲಿ ಅರ್ಕಾವತ್ತು ಎಷ್ಟು ಸಲ ಬರುತ್ತದೆ ನೋಡಿ: ಕರ್ನಾಟಕ, ಸರ್ಕಾರ, ಕಾರ್ಯದರ್ಶಿ, ನಿರ್ದೇಶಕರು, ವರ್ಗಾವಣೆ, ಅರ್ಜಿ, ಮಾರ್ಚ್, ಖರ್ಚು. ಒಂದೇ ಕಡೆಯ ತೊಂದರೆ ಇಡೀ ಪುಟ ಕೆಟ್ಟಂತೆ ಕಾಣಿಸುತ್ತಿತ್ತು.

ಹೀಗೆ ಯಾಕಾಗುತ್ತದೆ? ಒಂದು ಪದವನ್ನು ಸಾವಿರಾರು ಸಲ ಹೊಡೆದ ಮೇಲೆ ಮಿದುಳು ಅದನ್ನು ಬಿಡಿ ಬಿಡಿ ಅಕ್ಷರವಾಗಿ ಇಟ್ಟುಕೊಳ್ಳುವುದಿಲ್ಲ. ಇಡೀ ಪದ ಒಂದು ಕಟ್ಟು. ಮೊದಲ ಅಕ್ಷರ ಹೊರಟರೆ ಉಳಿದದ್ದು ತಾನಾಗಿ ಹಿಂದೆ ಬರುತ್ತದೆ, ನಡುವೆ ಯೋಚನೆಗೆ ಜಾಗವೇ ಇಲ್ಲ. ವೇಗ ಬರುವುದು ಇದರಿಂದಲೇ. ಮೇಡಂ ಅತಿ ಹೆಚ್ಚು ಹೊಡೆದ ಪದಗಳೇ ಅತಿ ಹೆಚ್ಚು ತಪ್ಪುತ್ತಿದ್ದದ್ದಕ್ಕೂ ಇದೇ ಕಾರಣ. ‘ದುರ್ಬೀನು’ ಅಂತ ಹೊಡೆಯಲು ಕೊಟ್ಟೆ. ಕಚೇರಿಯಲ್ಲಿ ಆ ಪದ ಯಾಕೆ ಬರುತ್ತದೆ? ಅದು ಮೊದಲ ಸಲಕ್ಕೇ ಸರಿಯಾಗಿ ಬಂತು!

ಅದನ್ನು ನೋಡಿ ಅವರ ಮುಖ ಬದಲಾಯಿತು. ‘ಅಂದ್ರೆ ನನಗೆ ಮರೆವು ಬಂದಿಲ್ಲ’ ಅಂದರು. ಬಂದಿರಲಿಲ್ಲ. ಅವರ ಮಿದುಳು ಉಳಿಸಿಕೊಳ್ಳುವ ಕೆಲಸವನ್ನು ಬಹಳ ಚೆನ್ನಾಗಿ ಮಾಡಿತ್ತು. ನನ್ನ ಪ್ರಕಾರ ಈ ಪ್ರಕರಣದಲ್ಲಿ ಎಲ್ಲಕ್ಕಿಂತ ದೊಡ್ಡ ಘಳಿಗೆ ಅದೇ.

ಏನು ಬದಲಿಸಿದೆವು

ಮೊದಲ ನಿರ್ಧಾರ: ಕರಡು ನೋಡಿ ಹೊಡೆಯುವುದು ಬಂದ್. ಬದಲಿಗೆ ಯಾರಾದರೂ ಓದಬೇಕು, ಮೇಡಂ ಕೇಳಿಸಿಕೊಂಡು ಹೊಡೆಯಬೇಕು. ಅವರ ಹಳೆಯ ಕೌಶಲ ಕಣ್ಣಿನಿಂದ ಶುರುವಾಗುತ್ತಿತ್ತು. ಬರೆದ ಅಕ್ಷರ ಕಂಡರೆ ಸಾಕು, ಹಳೆಯ ಕಟ್ಟು ಬಿಚ್ಚಿಕೊಳ್ಳುತ್ತಿತ್ತು. ಕಿವಿಗೆ ಬೀಳುವಾಗ ‘ರ್’ ಮೊದಲೇ ಬರುತ್ತದೆ, ಕೆ.ಪಿ. ರಾವ್ ವಿನ್ಯಾಸಕ್ಕೆ ಬೇಕಾದ ಕ್ರಮವೂ ಅದೇ. ಉಕ್ತಲೇಖನ ಹೇಳಲು ಅದೇ ವಿಭಾಗದ ಎಸ್‌ಡಿಎ ಹುಡುಗಿ ಒಪ್ಪಿದಳು. ‘ಮೇಡಂ, ಕರ್… ನಾ…’ ಅಂತ ಬಿಡಿಸಿ ಓದುತ್ತಿದ್ದಳು. ಮೇಡಂ ಕೂಡ ಬಾಯಲ್ಲಿ ಹೇಳಿಕೊಂಡೇ ಒತ್ತುತ್ತಿದ್ದರು. ‘ಅಷ್ಟು ಎಳೀಬೇಡಮ್ಮ, ನಿದ್ದೆ ಬರುತ್ತೆ’ ಅಂತ ಅವಳನ್ನು ಗದರುವಷ್ಟು ಬೇಗ ಹೊಂದಿಕೊಂಡರು.

ಎರಡನೆಯದು: ವಾರಾಂತ್ಯದ ಗಂಟೆಗಟ್ಟಲೆ ಅಭ್ಯಾಸ ನಿಲ್ಲಿಸಿದೆವು. ಬೆಳಗ್ಗೆ ಕಡತ ತೆರೆಯುವ ಮುಂಚೆ ಇಪ್ಪತ್ತು ನಿಮಿಷ, ಊಟದ ನಂತರ ಇನ್ನೊಂದಿಷ್ಟು. ಇದಕ್ಕೆ ಟೈಪಿಂಗ್‌ನದೇ ಆಧಾರ ಇದೆ. ಬ್ರಿಟನ್ನಿನ ಅಂಚೆ ನೌಕರರಿಗೆ ಟೈಪಿಂಗ್ ಕಲಿಸುವಾಗ ಬ್ಯಾಡ್ಲಿ ಮತ್ತು ಲಾಂಗ್‌ಮನ್ ಅನ್ನುವ ಸಂಶೋಧಕರು ಅವರನ್ನು ಗುಂಪು ಮಾಡಿ, ಕೆಲವರಿಗೆ ದಿನಕ್ಕೆ ಒಂದು ಗಂಟೆ, ಕೆಲವರಿಗೆ ಎರಡು, ಕೆಲವರಿಗೆ ನಾಲ್ಕು ಗಂಟೆ ಅಭ್ಯಾಸ ಕೊಟ್ಟರು. 1978ರಲ್ಲಿ ಫಲಿತಾಂಶ ಪ್ರಕಟವಾಯಿತು. ದಿನಕ್ಕೆ ಒಂದೇ ಗಂಟೆ ಕೂತವರು ಒಟ್ಟು ಕಡಿಮೆ ಗಂಟೆಗಳಲ್ಲಿ ಕೀಲಿಮಣೆ ಕಲಿತರು. ಸ್ವಾರಸ್ಯ ಏನೆಂದರೆ, ತಮ್ಮ ವೇಳಾಪಟ್ಟಿ ಬಗ್ಗೆ ಅತಿ ಕಡಿಮೆ ತೃಪ್ತಿ ಇದ್ದದ್ದೂ ಅವರಿಗೇ. ದಿನಗಳ ಲೆಕ್ಕದಲ್ಲಿ ನೋಡಿದರೆ ತಾವು ಹಿಂದೆ ಬಿದ್ದಂತೆ ಅನ್ನಿಸಿತ್ತು.

ಮೇಡಂಗೂ ಹಾಗೇ ಅನ್ನಿಸಿತು. ‘ಇಪ್ಪತ್ತು ನಿಮಿಷಕ್ಕೆ ಏನಾಗುತ್ತೆ? ಮುಂಚೆನೇ ಚೆನ್ನಾಗಿತ್ತು, ಸಂಜೆ ಹೊತ್ತಿಗೆ ಕೈ ಓಡ್ತಿತ್ತು’ ಅಂತ ಬೇಸರ ಮಾಡಿಕೊಂಡರು. ಅಲ್ಲಿ ಮೂರನೇ ನಿರ್ಧಾರ ತೆಗೆದುಕೊಂಡೆವು. ಸಂಜೆಯ ಫಲ ಲೆಕ್ಕಕ್ಕಿಲ್ಲ. ಮಾರನೇ ದಿನ ಬೆಳಗ್ಗೆ, ಕೈ ತಣ್ಣಗಿರುವಾಗ, ಮೊದಲ ಉಕ್ತಲೇಖನದಲ್ಲಿ ಎಷ್ಟು ತಪ್ಪು ಬಂತು ಅನ್ನುವುದನ್ನು ಮಾತ್ರ ಒಂದು ನೋಟ್‌ಬುಕ್‌ನಲ್ಲಿ ಬರೆಯುವುದು. ಅಭ್ಯಾಸದ ಕೊನೆಯಲ್ಲಿ ಕೈ ಓಡುವುದು ಬೇರೆ, ಕಲಿತದ್ದು ಉಳಿಯುವುದು ಬೇರೆ. ಮೂರು ದಿನದ ತರಬೇತಿ ಅಳೆದದ್ದು ಮೊದಲನೆಯದನ್ನು.

ನಿದ್ದೆಯ ಪಾತ್ರವೂ ಇದೆ. 2002ರಲ್ಲಿ ಹಾರ್ವರ್ಡ್‌ನ ಸಂಶೋಧಕರು ಕೀಲಿಗಳನ್ನು ಒಂದು ಗೊತ್ತಾದ ಕ್ರಮದಲ್ಲಿ ಬೇಗ ಬೇಗ ಒತ್ತುವುದನ್ನು ಕಲಿಸಿ, ಕೆಲವರನ್ನು ರಾತ್ರಿ ನಿದ್ದೆಯ ನಂತರ, ಕೆಲವರನ್ನು ಹಗಲು ಎಚ್ಚರವಾಗಿ ಅಷ್ಟೇ ಹೊತ್ತು ಕಳೆದ ಮೇಲೆ ಪರೀಕ್ಷಿಸಿದರು. ನಿದ್ದೆ ಮಾಡಿದವರ ವೇಗ ಸುಮಾರು ಶೇ. 20ರಷ್ಟು ಏರಿತ್ತು, ಎಚ್ಚರವಿದ್ದವರಲ್ಲಿ ಗಮನಿಸುವಂಥ ಏರಿಕೆ ಇರಲಿಲ್ಲ. ಈ ಏರಿಕೆಯಲ್ಲಿ ಒಂದು ಪಾಲು ಬೆರಳಿನ ದಣಿವು ಇಳಿದದ್ದರಿಂದ ಅಂತ ಆಮೇಲೆ ಬಂದ ಕೆಲವು ಅಧ್ಯಯನಗಳು ಹೇಳಿವೆ. ಆದರೂ ಕಲಿಕೆಯ ಕೆಲಸ ಕುರ್ಚಿಯಿಂದ ಎದ್ದ ಮೇಲೂ ಮಿದುಳಿನಲ್ಲಿ ನಡೆಯುತ್ತಿರುತ್ತದೆ ಅನ್ನುವುದಕ್ಕೆ ಬೇರೆ ಪುರಾವೆಗಳು ಸಾಕಷ್ಟಿವೆ. ಅದಕ್ಕೇ ರಾತ್ರಿ ಹನ್ನೊಂದರವರೆಗೆ ಕೂತು ಹೊಡೆಯುವುದನ್ನು ನಾನು ಕಡ್ಡಾಯವಾಗಿ ಬಿಡಿಸಿದೆ.

ನಾಲ್ಕನೆಯದು: ಒಂದೇ ಪದ ಪುಟಗಟ್ಟಲೆ ಹೊಡೆಯುವುದು ಬಿಟ್ಟು ಮಿಶ್ರಣ ಮಾಡಿದೆವು. ‘ಖರ್ಚು, ಹೆಚ್ಚು, ಅರ್ಜಿ, ಅಂಚೆ, ವರ್ಷ, ವಶ.’ ಮುಂದಿನ ಪದ ಯಾವುದು ಅಂತ ಗೊತ್ತಿರಬಾರದು. ಒಂದೇ ಪದ ಹೊಡೆಯುವಾಗ ಎರಡನೇ ಸಲದಿಂದ ಮಿದುಳು ಹುಡುಕುವ ಕೆಲಸ ಬಿಟ್ಟುಬಿಡುತ್ತದೆ, ಹಿಂದಿನದನ್ನೇ ಮುಂದುವರಿಸುತ್ತದೆ. ನಿಜವಾದ ಪತ್ರದಲ್ಲಿ ಆ ಅನುಕೂಲ ಇರುವುದಿಲ್ಲ. ಪ್ರತಿ ಸಲ ಹೊಸದಾಗಿ ನೆನಪಿಗೆ ತಂದುಕೊಳ್ಳಬೇಕು. ಅಭ್ಯಾಸವೂ ಹಾಗೇ ಇರಬೇಕಲ್ವಾ?

ಕೊನೆಯದು ಟೈಪ್‌ರೈಟರ್ ವಿಷಯ. ಮರೆಯುವ ಪ್ರಯತ್ನ ಬೇಡ ಅಂದೆ. ಮಿದುಳಿನಲ್ಲಿ ಗಟ್ಟಿಯಾಗಿ ಕೂತ ಕೌಶಲವನ್ನು ಬೇಕೆಂದಾಗ ಅಳಿಸುವ ದಾರಿ ಇಲ್ಲ. ಹೊಸದು ಹಳೆಯದರ ಪಕ್ಕದಲ್ಲೇ ಬೆಳೆಯಬೇಕು, ಯಾವಾಗ ಯಾವುದು ಏಳಬೇಕು ಅನ್ನುವ ಸೂಚನೆ ಬೇರೆ ಬೇರೆ ಇರಬೇಕು. ಟೈಪ್‌ರೈಟರ್ ಅನ್ನು ಇನ್ನೊಂದು ಕೋಣೆಯ ಎತ್ತರದ ಮೇಜಿಗೆ ಸಾಗಿಸಿದೆವು. ಅದರ ಕೆಲಸವನ್ನೆಲ್ಲ ಕೂಡಿಟ್ಟು ಮಧ್ಯಾಹ್ನ ಮೂರರ ನಂತರ ಒಂದೇ ಸಲ. ಶುರುವಿನ ತಿಂಗಳುಗಳಲ್ಲಿ ಒಂದೇ ಗಂಟೆಯೊಳಗೆ ಆ ಯಂತ್ರ, ಈ ಯಂತ್ರ ಅಂತ ಓಡಾಡುವುದನ್ನು ತಪ್ಪಿಸಿದೆವು.

ಏನಾಯಿತು

ಮೊದಲ ಎರಡು ವಾರ ವೇಗ ಇನ್ನೂ ಕಡಿಮೆಯಾಯಿತು. ಕಚೇರಿಯಲ್ಲಿ ಅಸಹನೆ ಹೆಚ್ಚಿತು. ತಲೆಬರಹದ ಸಿದ್ಧ ಪ್ರತಿ ಮಾಡಿಕೊಟ್ಟರೆ ಆಯಿತಲ್ಲ ಅಂತ ಒಬ್ಬರು ಹೇಳಿದರು. ತಲೆಬರಹಕ್ಕೆ ಅದು ಸರಿ, ಮಾಡಿಕೊಟ್ಟೆ. ಪತ್ರದ ಒಳಗೆ ಬರುವ ಪದಗಳಿಗೆ ಮಾತ್ರ ಅಂಥ ಊರುಗೋಲು ಬೇಡ ಅಂತ ಮೇಡಂ ತಾವೇ ಹಠ ಹಿಡಿದರು.

ಮೂರನೇ ವಾರದ ಹೊತ್ತಿಗೆ ನೋಟ್‌ಬುಕ್‌ನ ಬೆಳಗಿನ ತಪ್ಪುಗಳು ಇಳಿಯತೊಡಗಿದವು. ಕೈಯಲ್ಲೂ ಬದಲಾವಣೆ ಕಂಡಿತು. ಬಲಗೈ ತೋರುಬೆರಳು ಎನ್ ಕಡೆ ಹೊರಟು, ಅರ್ಧದಲ್ಲಿ ನಿಂತು, ಎಡಗೈಗೆ ದಾರಿ ಬಿಡುತ್ತಿತ್ತು. ಇನ್ನೂ ಕೆಲವು ವಾರಕ್ಕೆ ಆ ತಡೆಯೂ ಹೋಯಿತು. ಆಮೇಲೆ ಕರಡು ನೋಡಿ ಹೊಡೆಯುವುದಕ್ಕೆ ನಿಧಾನವಾಗಿ ವಾಪಸ್ ಬಂದೆವು. ಅಲ್ಲಿ ತಪ್ಪು ಮತ್ತೆ ಸ್ವಲ್ಪ ಏರಿತು, ಕೆಲವು ದಿನ ಬಾಯಲ್ಲಿ ಹೇಳಿಕೊಂಡು ಹೊಡೆದ ಮೇಲೆ ಇಳಿಯಿತು.

ಆಮೇಲೆ ನಾವು ಯೋಜಿಸದ ಒಂದು ಪರೀಕ್ಷೆ ಬಂತು. ಮಗಳ ಬಾಣಂತನಕ್ಕೆ ಮೇಡಂ ದೀರ್ಘ ರಜೆ ಹಾಕಿದರು. ಆ ತಿಂಗಳುಗಳಲ್ಲಿ ಕೀಲಿಮಣೆ ಮುಟ್ಟಿರಲಿಲ್ಲ. ವಾಪಸ್ ಬಂದ ಬೆಳಗ್ಗೆ ಮೊದಲ ಪುಟದಲ್ಲೇ ‘ಸಕಾರ್ರ’ ಎದ್ದು ಕೂತಿತ್ತು. ಗಾಬರಿಯಿಂದ ನನಗೆ ಫೋನ್ ಮಾಡಿದರು. ಎರಡು ದಿನ ಅದೇ ಇಪ್ಪತ್ತು ನಿಮಿಷದ ಉಕ್ತಲೇಖನ ಮಾಡಿ ಅಂದೆ. ಆ ವಾರ ಮುಗಿಯುವ ಮುಂಚೆ ರಜೆಗೆ ಮುಂಚಿನ ಮಟ್ಟಕ್ಕೆ ಬಂದಿದ್ದರು. ಮೊದಲ ಸಲ ಅಲ್ಲಿಗೆ ಬರಲು ತಿಂಗಳುಗಳೇ ಹಿಡಿದಿದ್ದವು. ಜರ್ಮನಿಯ ಮನೋವಿಜ್ಞಾನಿ ಎಬ್ಬಿಂಗ್‌ಹೌಸ್ 1885ರಲ್ಲೇ ಇದನ್ನು ಗುರುತಿಸಿದ್ದ. ಪೂರ್ತಿ ಮರೆತಂತೆ ಕಂಡದ್ದನ್ನು ಮತ್ತೆ ಕಲಿಯಲು ಮೊದಲಿಗಿಂತ ಕಡಿಮೆ ಹೊತ್ತು ಸಾಕು. ಹಾಗೆ ಉಳಿತಾಯವಾದ ಹೊತ್ತೇ ನೆನಪು ಒಳಗೆಲ್ಲೋ ಇದೆ ಅನ್ನುವುದಕ್ಕೆ ಅಳತೆ.

ಈ ಪ್ರಕರಣವನ್ನು ಎಷ್ಟು ದೂರ ಎಳೆಯಬಹುದು

ಎಲ್ಲವೂ ಸುಖಾಂತ್ಯವಾಗಲಿಲ್ಲ. ಕಂಪ್ಯೂಟರ್‌ನಲ್ಲಿ ಮೇಡಂ ವೇಗ ಅವರ ಹಳೆಯ ಟೈಪ್‌ರೈಟರ್ ವೇಗವನ್ನು ಮುಟ್ಟಲಿಲ್ಲ. ಸಂಜೆ ಐದಕ್ಕೆ ‘ಈಗಲೇ ಬೇಕು’ ಅಂತ ಯಾರಾದರೂ ತಲೆ ಮೇಲೆ ನಿಂತರೆ ‘ಕಾಯರ್ದಶಿರ್’ ಆಗೊಮ್ಮೆ ಈಗೊಮ್ಮೆ ಬರುತ್ತಿತ್ತು. ಒತ್ತಡದಲ್ಲಿ ಗಟ್ಟಿಯಾದ ಹಳೆಯ ಅಭ್ಯಾಸ ಮೊದಲು ಏಳುತ್ತದೆ. ಅದನ್ನು ಮೊದಲೇ ಹೇಳಿಟ್ಟಿದ್ದರಿಂದ ಅವರು ಕುಗ್ಗಲಿಲ್ಲ. ಅವಸರದ ಪತ್ರವನ್ನು ಅರ್ಕಾವತ್ತಿಗಾಗಿಯೇ ಇನ್ನೊಮ್ಮೆ ಓದುವುದನ್ನು ರೂಢಿ ಮಾಡಿಕೊಂಡರು.

ಮೇಡಂ ಹತ್ತೂ ಬೆರಳು ಬಳಸುವವರು. ಎರಡೇ ಬೆರಳಲ್ಲಿ ಕೀಲಿ ಹುಡುಕಿ ಹೊಡೆಯುವವರಿಗೆ ಹಳೆಯ ಕಟ್ಟು ಅಂತ ಅಷ್ಟು ಗಟ್ಟಿಯಾದದ್ದು ಇರುವುದಿಲ್ಲ, ಅವರ ತೊಂದರೆಯೇ ಬೇರೆ. ಆಮೇಲೆ, ಇಲ್ಲಿ ಹಲವು ಬದಲಾವಣೆಗಳನ್ನು ಒಟ್ಟಿಗೇ ಮಾಡಿದ್ದರಿಂದ ಯಾವುದರ ಪಾಲು ಎಷ್ಟು ಅಂತ ಬಿಡಿಸಿ ಹೇಳಲಾಗದು. ಒಂದನ್ನೇ ಆರಿಸಿ ಅಂದರೆ ನಾನು ಉಕ್ತಲೇಖನವನ್ನು ಆರಿಸುತ್ತೇನೆ. ಅದು ಹಳೆಯ ಕೌಶಲ ಏಳುವ ಬಾಗಿಲನ್ನೇ ತಪ್ಪಿಸಿತು.

ಈಗ ಹಳೆಯ ಬೆರಳಚ್ಚುಗಾರರು ಬಂದರೆ ನಾನು ಕೀಲಿಮಣೆಯ ಪಟ ಕೊಡುವುದಿಲ್ಲ. ಮೊದಲು ಅವರು ಹಳೆಯ ಯಂತ್ರದಲ್ಲಿ ಒಂದು ಪುಟ ಹೊಡೆಯುವುದನ್ನು ನೋಡುತ್ತೇನೆ. ಎರಡು ಯಂತ್ರಗಳ ಕ್ರಮ ಎಲ್ಲೆಲ್ಲಿ ತಿರುವುಮುರುವು ಆಗುತ್ತದೆ ಅಂತ ಪಟ್ಟಿ ಮಾಡುತ್ತೇನೆ. ಮೊದಲ ವಾರದ ಪಾಠ ಆ ಪಟ್ಟಿಯಿಂದಲೇ ಶುರು. ಓದಿ ಹೇಳಲು ಜೊತೆಗೊಬ್ಬರನ್ನು ಕರೆತರಬೇಕು ಅನ್ನುವುದು ಒಂದೇ ಷರತ್ತು. ಮೇಡಂಗೆ ಓದಿ ಹೇಳುತ್ತಿದ್ದ ಎಸ್‌ಡಿಎ ಹುಡುಗಿ ಕೂಡ ಎರಡು ಸಲ ಹಾಗೆ ಬಂದು ಬೇರೆಯವರಿಗೆ ಓದಿ ಹೇಳಿದ್ದಾಳೆ.